ಮನೆಯಲ್ಲೇ ಪೋರ್ ಓವರ್ ಕಾಫಿ: ಕಲಬುರಗಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಚಹಾದ ಊರು. ಬಸ್ ಸ್ಟ್ಯಾಂಡಿನಿಂದ ಜಗತ್ ಸರ್ಕಲ್‌ವರೆಗೆ ನಡೆದು ಹೋದರೆ ಯಾರಾದರೂ ಒಬ್ಬರು "ಬರ್ರೀ, ಚಾ ಕುಡಿಯೋಣ" ಅಂತಾರೆ, ಕಾಫಿ ಕುಡಿಯೋಣ ಅಂತ ಯಾರೂ ಅನ್ನೋದಿಲ್ಲ. ಅಂಥ ಊರಲ್ಲಿ ದಿನಾ ಬೆಳಿಗ್ಗೆ ತಕ್ಕಡಿ ಇಟ್ಟು, ಕಾಗದ ಮಡಚಿ, ಕಪ್ಪು ಕಾಫಿ ಸೋಸಿಕೊಂಡು ಕೂತರೆ ಪ್ರಶ್ನೆ ಬರದೇ ಇರುತ್ತವಾ? ಓಣಿಯವರು, ಆಫೀಸಿನವರು, ಬೀದರ್‌ನಲ್ಲಿರುವ ತಂಗಿ, ಯಾದಗಿರಿಯ ಮಾವ, ಎಲ್ಲರೂ ಕೇಳಿದ್ದನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ಹಾರಿ ಹೋಗಿ. ನೀರಿನ ಪ್ರಶ್ನೆಯನ್ನು ಮಾತ್ರ ಬಿಡಬೇಡಿ, ಅದು ಉದ್ದ ಇದೆ, ಆದರೆ ನಮ್ಮ ಕಡೆ ಕಾಫಿ ಕೆಡೋದು ನೂರಕ್ಕೆ ತೊಂಬತ್ತು ಸಲ ಅಲ್ಲೇ.

ಪೋರ್ ಓವರ್ ಅಂದರೆ ನಮ್ಮ ಫಿಲ್ಟರ್ ಕಾಫಿನೇ ಅಲ್ವಾ?

ಅಣ್ಣತಮ್ಮ ಅನ್ನಿ. ಎರಡರಲ್ಲೂ ಪುಡಿಯ ಮೇಲೆ ಬಿಸಿನೀರು ಸುರಿಯುತ್ತೀರಿ, ನೀರು ತನ್ನ ಪಾಡಿಗೆ ಕೆಳಗಿಳಿಯುತ್ತದೆ. ಆದರೆ ಸ್ಟೀಲ್ ಫಿಲ್ಟರಿನಲ್ಲಿ ಪುಡಿ ಜಾಸ್ತಿ, ನೀರು ಕಡಿಮೆ. ಅರ್ಧ ಗಂಟೆ ತೊಟ್ಟು ತೊಟ್ಟಾಗಿ ಇಳಿದ ಗಟ್ಟಿ ಡಿಕಾಕ್ಷನ್ ಅದು, ಹಾಲು ಸೇರಿಸಲಿಕ್ಕೇ ಮಾಡಿದ್ದು. ಪೋರ್ ಓವರ್‌ನಲ್ಲಿ ಒಂದು ಶಂಕುವಿನಂಥ ಪಾತ್ರೆ, ಅದರೊಳಗೆ ಕಾಗದ, ಕಾಗದದೊಳಗೆ ಪುಡಿ. ಕೈಯಾರೆ ನಿಧಾನಕ್ಕೆ ನೀರು ಸುರಿಯಬೇಕು. ಮೂರು ನಿಮಿಷದಲ್ಲಿ ಒಂದು ಲೋಟ ತೆಳು ಕಾಫಿ ಸಿದ್ಧ, ಅದನ್ನು ಹಾಗೇ ಕುಡಿಯೋದು. ಕಾಗದ ಎಣ್ಣೆಯ ಅಂಶವನ್ನೂ ನುಣ್ಣನೆ ಪುಡಿಯನ್ನೂ ತಡೆದುಬಿಡುತ್ತದೆ. ಗಾಜಿನ ಲೋಟದಲ್ಲಿ ಹಾಕಿ ಬೆಳಕಿಗೆ ಹಿಡಿದರೆ ಕಪ್ಪು ಕಾಣೋದಿಲ್ಲ, ದಾಳಿಂಬೆ ರಸದ ಹಾಗೆ ಕೆಂಪಗೆ ಕಾಣುತ್ತದೆ.

ಈ ಕಾಗದದ ಉಪಾಯ ದೊಡ್ಡ ವಿಜ್ಞಾನಿ ಕಂಡುಹಿಡಿದದ್ದೂ ಅಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟಾ ಬೆಂಟ್ಸ್ ಅನ್ನೋ ಗೃಹಿಣಿಗೆ ಕಾಫಿಯ ಗಷ್ಟು ಬಾಯಿಗೆ ಬಂದು ಬಂದು ಸಾಕಾಗಿತ್ತು. ಹಿತ್ತಾಳೆ ಪಾತ್ರೆಗೆ ಮೊಳೆಯಿಂದ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಶಾಯಿ ಹೀರೋ ಕಾಗದ ಹರಿದು ಒಳಗಿಟ್ಟು ಸೋಸಿ ನೋಡಿದರು. 1908ರಲ್ಲಿ ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಂಡರು. ಅಡುಗೆಮನೆಯ ಸಿಟ್ಟಿನಿಂದ ಹುಟ್ಟಿದ ವಸ್ತು ಇದು.

ಹಾಲು ಹಾಕಬಹುದಾ?

ಹಾಕಬಹುದು, ಯಾರೂ ಹಿಡಿಯೋದಿಲ್ಲ. ಆದರೆ ಇದು ತೆಳು ಕಾಫಿ, ಹಾಲು ಬಿದ್ದರೆ ನೀರು ನೀರಾಗುತ್ತದೆ. ಹಾಲಿನ ಕಾಫಿನೇ ಬೇಕು ಅಂದರೆ ಸ್ಟೀಲ್ ಫಿಲ್ಟರ್ ಇದಕ್ಕಿಂತ ಎಷ್ಟೋ ಚೆನ್ನ, ಸುಮ್ನೆ ದುಡ್ಡು ಹಾಳು ಮಾಡಬೇಡಿ. ಸಕ್ಕರೆ ನಿಮ್ಮಿಷ್ಟ. ಮೊದಲ ಎರಡು ಗುಟುಕು ಮಾತ್ರ ಹಾಗೇ ಕುಡಿದು ನೋಡಿ, ಆಮೇಲೆ ಹಾಕಿಕೊಳ್ಳಿ.

ಶುರು ಮಾಡಲಿಕ್ಕೆ ಏನೇನು ಬೇಕು?

ಒಂದು ಡ್ರಿಪ್ಪರ್ (ಮೇಲೆ ಹೇಳಿದ ಶಂಕುವಿನಂಥ ಪಾತ್ರೆ), ಅದರ ಅಳತೆಗೆ ತಕ್ಕ ಕಾಗದ, ಒಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಮತ್ತು ಬೀಜ ಪುಡಿ ಮಾಡುವ ದಾರಿ. ಅಷ್ಟೇ. ಕೆಳಗೆ ಹಿಡಿಯಲಿಕ್ಕೆ ಮನೆಯ ಸ್ಟೀಲ್ ಚೊಂಬು ಸಾಕು. ಗಾಜಿನ ಜಗ್ ಚಿತ್ರದಲ್ಲಿ ಚಂದ ಕಾಣುತ್ತದೆ, ರುಚಿಗೆ ಏನೂ ಮಾಡೋದಿಲ್ಲ.

ಡ್ರಿಪ್ಪರ್‌ಗಳಲ್ಲಿ ಜಾಸ್ತಿ ಹೆಸರು ಕೇಳಿಬರೋದು ಜಪಾನಿನ ಹರಿಯೋ ಕಂಪನಿಯ ವಿ60. ಅದರ ಗೋಡೆಗಳು 60 ಡಿಗ್ರಿ ಕೋನದಲ್ಲಿರೋದರಿಂದ ಆ ಹೆಸರು. ತಳದಲ್ಲಿ ಒಂದೇ ದೊಡ್ಡ ತೂತು, ಹಾಗಾಗಿ ನೀರಿನ ವೇಗ ಪೂರ್ತಿ ನಿಮ್ಮ ಕೈಯಲ್ಲಿ. ಕೈ ಕೂರುವ ತನಕ ಒಂದು ದಿನ ಚೆನ್ನಾಗಿ ಬರುತ್ತದೆ, ಒಂದು ದಿನ ಬರೋದಿಲ್ಲ. ಕಲಿಟಾ ವೇವ್ ಅಂತ ಇನ್ನೊಂದಿದೆ, ತಳ ಚಪ್ಪಟೆ, ಮೂರು ಸಣ್ಣ ತೂತು. ಸುರಿಯೋದರಲ್ಲಿ ಸ್ವಲ್ಪ ತಪ್ಪಾದರೂ ಅದು ಸಹಿಸಿಕೊಳ್ಳುತ್ತದೆ, ಆದರೆ ಅದರ ಕಾಗದ ನಮ್ಮೂರಲ್ಲಿ ಕೈಗೆ ಸಿಗೋದಿಲ್ಲ, ತರಿಸಬೇಕು. ನಾನು ಹೇಳೋದು ಪ್ಲಾಸ್ಟಿಕ್ ವಿ60, 02 ಸೈಜ್. ಪಿಂಗಾಣಿಯದು ನೋಡಲಿಕ್ಕೆ ಚಂದ, ಆದರೆ ಮೊದಲೇ ಸರಿಯಾಗಿ ಕಾಯಿಸದಿದ್ದರೆ ನೀರಿನ ಬಿಸಿಯನ್ನು ಅದೇ ಕುಡಿದುಬಿಡುತ್ತದೆ. ಪ್ಲಾಸ್ಟಿಕ್ ಬಿಸಿ ಉಳಿಸುತ್ತದೆ, ಕೆಳಗೆ ಬಿದ್ದರೆ ಒಡೆಯೋದಿಲ್ಲ, ಅಗ್ಗ.

ದುಡ್ಡು ಹಾಕೋದಿದ್ದರೆ ಗ್ರೈಂಡರಿಗೆ ಹಾಕಿ. ಉಳಿದದ್ದೆಲ್ಲ ಆಮೇಲೆ.

ಗೂಸ್‌ನೆಕ್ ಕೆಟಲ್ ಬೇಕೇ ಬೇಕಾ?

ಬಾತುಕೋಳಿ ಕತ್ತಿನ ಹಾಗೆ ಉದ್ದಕ್ಕೆ ಬಾಗಿದ ತೆಳು ಮೂತಿಯ ಕೆಟಲ್ ಅದು. ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತದೆ. ಉದ್ದ ಮೂತಿಯ ಚಹಾ ಕಿಟ್ಲಿ ಮನೆಯಲ್ಲಿದ್ದರೆ ಅದೇ ಸಾಕು. ನಾನು ಒಂದು ವರ್ಷ ಹಾಗೇ ಮಾಡಿದ್ದೇನೆ. ನೀರು ದಪ್ಪ ಧಾರೆಯಾಗಿ ಧಡಕ್ಕನೆ ಬೀಳಬಾರದು, ಅಷ್ಟೇ ಲೆಕ್ಕ.

ಯಾವ ನೀರು ಹಾಕಬೇಕು? ನಳದ್ದಾ, ಬೋರಿನದ್ದಾ, ಆರ್‌ಒ ನೀರಾ?

ಈ ಪ್ರಶ್ನೆಗೆ ಉತ್ತರ ಗೊತ್ತಾಗಲಿಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಚಿಕ್ಕಮಗಳೂರಿನಲ್ಲಿ ಒಬ್ಬ ಸ್ನೇಹಿತನ ಮನೆಯಲ್ಲಿ ಮೊದಲ ಸಲ ಒಳ್ಳೆ ಪೋರ್ ಓವರ್ ಕುಡಿದೆ. ಕಿತ್ತಳೆ ಸಿಪ್ಪೆ ಸುಲಿದಾಗ ಬರುತ್ತದಲ್ಲ, ಆ ವಾಸನೆ. ಅದೇ ಬೀಜ ಅರ್ಧ ಕಿಲೋ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಅದೇ ಅಳತೆ, ಅದೇ ಡ್ರಿಪ್ಪರ್, ಆದರೆ ರುಚಿ ಮಾತ್ರ ನೆನೆಸಿದ ರಟ್ಟಿನ ಹಾಗೆ. ಪುಡಿ ಸಣ್ಣ ಮಾಡಿದೆ, ದಪ್ಪ ಮಾಡಿದೆ, ನೀರು ಜಾಸ್ತಿ ಮಾಡಿದೆ, ಕಡಿಮೆ ಮಾಡಿದೆ. ಬೀಜವೇ ಬದಲಾಯಿಸಿ ಕೊಟ್ಟಿದ್ದಾರೆ ಅಂತ ಸ್ನೇಹಿತನ ಹತ್ತಿರ ಜಗಳ ಕೂಡ ಆಯಿತು. ಕೊನೆಗೆ ಒಂದು ದಿನ ಬ್ಯಾಗ್ ಝಾಡಿಸುವಾಗ ಅವನ ಮನೆಯಲ್ಲಿ ತುಂಬಿಸಿಕೊಂಡ ನೀರಿನ ಬಾಟಲಿ ಸಿಕ್ಕಿತು, ಅರ್ಧ ಉಳಿದಿತ್ತು. ಚೆಲ್ಲುವ ಮೊದಲು ಒಂದು ಲೋಟ ಕಾಫಿಗೆ ಹಾಕಿ ನೋಡೋಣ ಅನ್ನಿಸಿತು. ಕಿತ್ತಳೆ ವಾಪಸ್ ಬಂತು! ಫೋನ್ ಮಾಡಿ ಕ್ಷಮೆ ಕೇಳಿದೆ, ಅವನು ಇವತ್ತಿಗೂ ಅದನ್ನೇ ಹೇಳಿಕೊಂಡು ನಗುತ್ತಾನೆ.

ಕಾರಣ ನಮ್ಮ ಕಾಲ ಕೆಳಗೇ ಇದೆ. ಶಹಾಬಾದ್ ಕಲ್ಲು, ಸೇಡಂ ಮತ್ತು ವಾಡಿಯ ಸಿಮೆಂಟ್, ಎಲ್ಲಾ ಸುಣ್ಣದ ಕಲ್ಲಿನ ಸಂಸಾರ. ಆ ಕಲ್ಲಿನೊಳಗಿಂದ ಬರುವ ಬೋರಿನ ನೀರು ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂಬೆರಸ ಬಿದ್ದರೆ ಕಲೆ ಉಳಿಯುತ್ತದಲ್ಲ, ಅವ್ವಂದಿರು ಬೈಯುತ್ತಾರಲ್ಲ, ಅಲ್ಲಿ ಹುಳಿಯನ್ನು ಕಲ್ಲು ನುಂಗಿರುತ್ತದೆ, ಕಲ್ಲು ಸವೆದಿರುತ್ತದೆ. ನಿಮ್ಮ ಲೋಟದಲ್ಲೂ ಅದೇ ಆಗೋದು. ಒಳ್ಳೆ ಕಾಫಿಯ ಜೀವ ಇರೋದು ಅದರ ಸಣ್ಣ ಹುಳಿಯಲ್ಲಿ. ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಆ ಹುಳಿಯನ್ನು ತಿಂದುಹಾಕಿದರೆ ಉಳಿಯೋದು ರಟ್ಟು. ಇನ್ನೂ ಸುಲಭವಾಗಿ ಹೇಳಬೇಕು ಅಂದರೆ, ಯಾವ ನೀರಲ್ಲಿ ತೊಗರಿ ಬೇಳೆ ಬೇಯೋದಿಲ್ಲವೋ ಆ ನೀರಲ್ಲಿ ಕಾಫಿ ಆಗೋದಿಲ್ಲ. ಬೇಳೆ ಬೆಳೆಯುವ ಊರಲ್ಲಿ ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾ?

ಹಾಗಾದರೆ ಆರ್‌ಒ ನೀರೇ ಹಾಕಿಬಿಡೋಣ ಅಂದರೆ ಅದೂ ಪೂರ್ತಿ ಸರಿ ಇಲ್ಲ. ಆರ್‌ಒ ಯಂತ್ರ ಖನಿಜಗಳನ್ನು ಬಹುಪಾಲು ತೆಗೆದುಹಾಕುತ್ತದೆ. ಕಾಫಿಯ ರುಚಿಯನ್ನು ಪುಡಿಯಿಂದ ಹೊರಗೆಳೆಯಲಿಕ್ಕೆ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಬರೀ ಆರ್‌ಒ ನೀರಲ್ಲಿ ಕಾಫಿ ಚುಚ್ಚುವ ಹುಳಿಯಾಗುತ್ತದೆ, ಬಾಯಿ ತುಂಬೋದಿಲ್ಲ.

ನಾನು ಮಾಡೋದು ಇಷ್ಟು. ನೀರಿನ ಟಿಡಿಎಸ್, ಅಂದರೆ ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ತೋರಿಸುವ ಪೆನ್ನಿನಂಥ ಮೀಟರ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ನಮ್ಮ ಬೋರಿನ ನೀರಿಗೆ ಅದ್ದಿದರೆ 840 ತೋರಿಸಿತು, ಆರ್‌ಒ ನೀರಿಗೆ 40. ಕಾಫಿಗೆ 150ರ ಆಸುಪಾಸು ಇದ್ದರೆ ಒಳ್ಳೇದು ಅಂತ ಬಲ್ಲವರ ಲೆಕ್ಕ. ಒಂದು ಲೋಟ ಬೋರಿನ ನೀರಿಗೆ ಏಳು ಲೋಟ ಆರ್‌ಒ ನೀರು ಬೆರೆಸಿದೆ, 140 ಬಂತು. ಐದು ಲೀಟರಿನ ಒಂದು ಕ್ಯಾನಿನಲ್ಲಿ ಬೆರೆಸಿಟ್ಟರೆ ವಾರ ನಡೆಯುತ್ತದೆ. ಮೀಟರ್ ಎಲ್ಲಾ ಲವಣವನ್ನೂ ಒಟ್ಟಿಗೆ ಎಣಿಸುತ್ತದೆ, ಸುಣ್ಣ ಎಷ್ಟು, ಉಪ್ಪು ಎಷ್ಟು ಅಂತ ಬಿಡಿಸಿ ಹೇಳೋದಿಲ್ಲ. ಹಾಗಾಗಿ ಅಂಕಿಯನ್ನೇ ಹಿಡಿದು ಕೂರಬೇಡಿ, ಕುಡಿದು ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ನಿಮ್ಮ ಬೋರಿನ ನೀರು ಕುಡಿಯಲಿಕ್ಕೆ ಯೋಗ್ಯ ಅಲ್ಲ ಅಂತಿದ್ದರೆ ಅದನ್ನು ಒಂದು ಲೋಟವೂ ಬೆರೆಸಬೇಡಿ. ಫ್ಲೋರೈಡ್, ನೈಟ್ರೇಟ್ ಇವೆಲ್ಲ ಕುದಿಸಿದರೆ ಹೋಗೋದಿಲ್ಲ. ಆಗ ಕುಡಿಯೋ ನಳದ ನೀರನ್ನೇ ಬೆರೆಸಿ.

ಮನೆಯಲ್ಲಿ ಆರ್‌ಒ ಇಲ್ಲ. ಏನು ಮಾಡೋದು?

ಕುಡಿಯೋ ನೀರನ್ನು ಹಿಂದಿನ ರಾತ್ರಿ ಹತ್ತು ನಿಮಿಷ ಕುದಿಸಿ, ಮುಚ್ಚಿಡಿ. ಬೆಳಿಗ್ಗೆಯೊಳಗೆ ಸುಣ್ಣದ ಒಂದಿಷ್ಟು ಭಾಗ ಬಿಳಿ ಪುಡಿಯಾಗಿ ತಳ ಹಿಡಿದಿರುತ್ತದೆ. ಅಲುಗಾಡಿಸದೆ ಮೇಲಿನ ತಿಳಿ ನೀರು ಬಗ್ಗಿಸಿಕೊಳ್ಳಿ. ಪೂರ್ತಿ ಹೋಗೋದಿಲ್ಲ, ಆದರೆ ಫರಕು ಬಾಯಿಗೆ ಗೊತ್ತಾಗುತ್ತದೆ. ಇಲ್ಲ ಅಂದರೆ ಓಣಿಯಲ್ಲಿ ಮಾರುವ ಫಿಲ್ಟರ್ ನೀರಿನ ಕ್ಯಾನ್ ಇದ್ದೇ ಇದೆ, ಅದರ ಜೊತೆ ಸ್ವಲ್ಪ ನಳದ ನೀರು.

ಕೆಟಲ್ ಒಳಗೆ ಬಿಳಿ ಪದರ ಕಟ್ಟಿದೆ, ಕಾಫಿಯಲ್ಲಿ ಚೂರು ತೇಲುತ್ತವೆ. ಅಪಾಯನಾ?

ಅಪಾಯ ಏನಿಲ್ಲ, ಅದೇ ಸುಣ್ಣ. ಎರಡು ನಿಂಬೆಹಣ್ಣು ಹಿಂಡಿ, ನೀರು ಹಾಕಿ ಕುದಿಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಸಣ್ಣಗೆ ಸುಂಯ್ ಅಂತ ಗುಳ್ಳೆ ಎದ್ದು ಪದರ ಬಿಡುತ್ತದೆ.

ಯಾವ ಕಾಫಿ ತರಬೇಕು?

ಚಿಕೋರಿ ಇಲ್ಲದ್ದು. ಇದೊಂದು ಗಟ್ಟಿ ನೆನಪಿಡಿ. ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಫಿಲ್ಟರ್ ಪುಡಿಗಳಲ್ಲಿ ಚಿಕೋರಿ ಬೆರೆಸಿರೋದೇ ಜಾಸ್ತಿ. ಅದು ಕಾಫಿ ಅಲ್ಲ, ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಹಾಲಿನ ಕಾಫಿಗೆ ಬಣ್ಣ, ದಪ್ಪ ಕೊಡುತ್ತದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕಾಗದದಲ್ಲಿ ಅದು ಅಂಟಂಟಾಗಿ ತೂತು ಮುಚ್ಚಿಬಿಡುತ್ತದೆ. ಒಂದು ಸಲ ಅವಸರದಲ್ಲಿ ಪ್ಯಾಕೆಟ್ ಓದದೆ ತಂದಿದ್ದೆ. ನೀರು ಸುರಿದೆ, ನಿಂತೇ ಇತ್ತು. ನಾನೂ ನಿಂತೇ ಇದ್ದೆ. ಎಂಟು ನಿಮಿಷ! ಪ್ಯಾಕೆಟ್ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಚಿಕೋರಿ ನೂರಕ್ಕೆ 30. ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು ಅಂತ ಕಾನೂನೇ ಇದೆ, ಓದೋದು ನಮ್ಮ ಕೆಲಸ.

ಆಮೇಲೆ ಅರೇಬಿಕಾ ಜಾತಿಯ ಕಾಫಿ ನೋಡಿ. ಇನ್ನೊಂದು ಜಾತಿ ರೊಬಸ್ಟಾ ಕಹಿ ಮತ್ತು ಗಡಸು, ಅದರಲ್ಲಿ ಕೆಫೀನ್ ಕೂಡ ಹೆಚ್ಚುಕಡಿಮೆ ಎರಡು ಪಟ್ಟು, ಹಾಲಿನ ಜೊತೆಗೆ ಅದು ಚೆನ್ನ. ನಮ್ಮ ಪುಣ್ಯಕ್ಕೆ ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಬೆಳೆಯೋದು ನಮ್ಮ ರಾಜ್ಯದಲ್ಲೇ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಕೆಲಸ ಮಾಡುತ್ತಿದೆ. ಪ್ಯಾಕೆಟ್ ಮೇಲೆ ಎಸ್ 795, ಸೆಲೆಕ್ಷನ್ 9, ಚಂದ್ರಗಿರಿ ಅಂತೆಲ್ಲ ಕಂಡರೆ ಗಾಬರಿ ಬೇಡ, ಅವು ಅಲ್ಲಿಂದ ಬಂದ ತಳಿಗಳ ಹೆಸರು. ನಮ್ಮಲ್ಲಿ ಸೋನಾ ಮಸೂರಿ ಅನ್ನುವ ಹಾಗೆ. ಸೆಲೆಕ್ಷನ್ 9ಕ್ಕೆ ಇಥಿಯೋಪಿಯಾ ಮೂಲದ ರಕ್ತ ಇದೆ, ಹೂವಿನ ಹಣ್ಣಿನ ವಾಸನೆ ಜಾಸ್ತಿ. ಎಸ್ 795 ಸೌಮ್ಯ, ಮೊದಲ ಸಲಕ್ಕೆ ಅದೇ ತರಿಸಿ.

ಹುರಿದ ತಾರೀಕು ಬರೆದಿರುವ ಪ್ಯಾಕೆಟ್ ಮಾತ್ರ ಕೊಳ್ಳಿ. "ಇಷ್ಟರೊಳಗೆ ಬಳಸಿ" ಅನ್ನೋ ತಾರೀಕು ಬೇರೆ, ಹುರಿದ ತಾರೀಕು ಬೇರೆ. ಹುರಿದು ಒಂದು ವಾರದಿಂದ ಒಂದೂವರೆ ತಿಂಗಳ ತನಕ ರುಚಿ ಚೆನ್ನಾಗಿರುತ್ತದೆ. ನಡು ಹದಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಹುರಿದದ್ದು ಇರಲಿ. ಕರ್ರಗೆ ಎಣ್ಣೆ ಬಿಟ್ಟು ಹೊಳೆಯೋದು ಇದಕ್ಕೆ ಬೇಡ.

ಗ್ರೈಂಡರ್ ಇಲ್ಲ. ಮಿಕ್ಸಿಯಲ್ಲಿ ಮಾಡಿದರೆ ನಡೆಯುತ್ತಾ?

ನಡೆಯುತ್ತದೆ, ಆದರೆ ಹೇಗೆ ಮಾಡುತ್ತೀರಿ ಅನ್ನೋದರ ಮೇಲೆ. ಮಿಕ್ಸಿ ಬ್ಲೇಡು ಬೀಜವನ್ನು ಅರೆಯೋದಿಲ್ಲ, ಹೊಡೆದು ಒಡೆಯುತ್ತದೆ. ಅರ್ಧ ಹಿಟ್ಟು, ಅರ್ಧ ನುಚ್ಚು. ಹಿಟ್ಟಿನಿಂದ ಕಹಿ ಬರುತ್ತದೆ, ನುಚ್ಚಿನಿಂದ ಹುಳಿ, ಎರಡೂ ಒಂದೇ ಲೋಟದಲ್ಲಿ. ಸಣ್ಣ ಜಾರಿನಲ್ಲಿ ಎರಡೆರಡು ಸೆಕೆಂಡ್ ಮಾತ್ರ ತಿರುಗಿಸಿ, ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ತಿರುಗಿಸಿ. ಆಮೇಲೆ ಹಿಟ್ಟಿನ ಸಾಣಿಗೆಗೆ ಹಾಕಿ. ಕೆಳಗೆ ಬಿದ್ದ ನುಣುಪು ಪುಡಿಯನ್ನು ಸ್ಟೀಲ್ ಫಿಲ್ಟರಿಗೆ ಎತ್ತಿಡಿ, ಮೇಲೆ ಉಳಿದದ್ದು ಪೋರ್ ಓವರ್‌ಗೆ. ಉಪ್ಪಿಟ್ಟಿನ ಮಾಮೂಲಿ ರವೆಯಷ್ಟು ದಪ್ಪ ಇರಬೇಕು.

ಇನ್ನೊಂದು ಮಾತು, ಕೆಂಪು ಖಾರ ಪುಡಿ ಮಾಡಿದ ಜಾರ್ ಬೇಡ. ಎಷ್ಟು ತೊಳೆದರೂ ಬೇಡ. ನಾನು ತೊಳೆದೇ ಮಾಡಿದ್ದೆ. ಮೊದಲ ಗುಟುಕಿಗೇ ಗಂಟಲು ಹಿಡಿಯಿತು.

ಕೈಯಲ್ಲಿ ತಿರುಗಿಸುವ ಗ್ರೈಂಡರ್ ಸಿಗುತ್ತದೆ, ಎರಡು ಹಲ್ಲಿನ ಚಕ್ರದ ನಡುವೆ ಬೀಜ ಅರೆಯುತ್ತದೆ. ಬೀಸುವ ಕಲ್ಲಿನ ಮೊಮ್ಮಗ ಅನ್ನಿ. ಎರಡು ತಿಂಗಳು ಮಿಕ್ಸಿಯಲ್ಲಿ ಮಾಡಿ, ಚಟ ಹತ್ತಿತು ಅಂತ ಖಾತ್ರಿಯಾದರೆ ಆಗ ಕೊಳ್ಳಿ.

ಅಳತೆ ಎಷ್ಟು?

ಒಂದು ಗ್ರಾಂ ಪುಡಿಗೆ 16 ಗ್ರಾಂ ನೀರು. ಒಂದು ಲೋಟಕ್ಕೆ 15 ಗ್ರಾಂ ಪುಡಿ, 240 ಗ್ರಾಂ ನೀರು. ನೀರನ್ನೂ ತೂಗುವುದೇ ಸುಲಭ, ತಕ್ಕಡಿ ಮೇಲೆ ಚೊಂಬು ಇಟ್ಟು ಸೊನ್ನೆ ಮಾಡಿಕೊಂಡು ಸುರಿಯುತ್ತಾ ಹೋಗೋದು. ತಕ್ಕಡಿ ಬರೋ ತನಕ ಮೂರು ಟೇಬಲ್ ಚಮಚ ಪುಡಿ, ಮಟ್ಟಸವಾಗಿ, ಗೋಪುರ ಕಟ್ಟದೆ.

ಮಾಡೋದು ಹೇಗೆ? ಸರಿಯಾಗಿ ಹೇಳಿ.

ನೀರು ಒಲೆ ಮೇಲಿಡಿ. ಅದು ಕಾಯುವಷ್ಟರಲ್ಲಿ ಬೀಜ ಪುಡಿ ಮಾಡಿ. ಕಾಗದಕ್ಕೆ ಒಂದು ಅಂಚಿನಲ್ಲಿ ಹೊಲಿಗೆಯಂಥ ಗೆರೆ ಇರುತ್ತದೆ, ಅಲ್ಲಿ ಮಡಚಿ ಡ್ರಿಪ್ಪರಿನಲ್ಲಿ ಕೂರಿಸಿ. ಬಿಸಿನೀರು ಹಾಕಿ ಕಾಗದ ಪೂರ್ತಿ ತೋಯಿಸಿ, ಕೆಳಗಿಳಿದ ನೀರು ಚೆಲ್ಲಿಬಿಡಿ. ಇದನ್ನು ಬಿಟ್ಟರೆ ಕಾಫಿಗೆ ಹೊಸ ನೋಟ್‌ಬುಕ್ಕಿನ ವಾಸನೆ ಬರುತ್ತದೆ. ಡ್ರಿಪ್ಪರ್ ಕೂಡ ಇದರಿಂದ ಬಿಸಿಯಾಗುತ್ತದೆ.

ಪುಡಿ ಹಾಕಿ, ಬದಿಗೆ ಮೆಲ್ಲಗೆ ತಟ್ಟಿ ಸಮ ಮಾಡಿ. ತಕ್ಕಡಿ ಸೊನ್ನೆಗೆ ತನ್ನಿ, ಫೋನಿನಲ್ಲಿ ಗಡಿಯಾರ ಶುರು ಮಾಡಿ. ಮೊದಲು 45 ಗ್ರಾಂ ನೀರು ಮಾತ್ರ, ಎಲ್ಲಾ ಪುಡಿ ಒದ್ದೆಯಾಗುವ ಹಾಗೆ. ಈಗ ಕೈ ತೆಗೆದು ನೋಡುತ್ತಾ ನಿಲ್ಲಿ. ಪುಡಿ ಉಸಿರೆಳೆದ ಹಾಗೆ ಉಬ್ಬುತ್ತದೆ, ನಡುವೆ ಒಂದು ಬಿರುಕು ಬಿಡುತ್ತದೆ, ಬಿರುಕಿನಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಒಡೆಯುತ್ತವೆ. ಹುರಿಯುವಾಗ ಬೀಜದಲ್ಲಿ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಅದು. ಅದು ಹೊರಗೆ ಹೋಗದಿದ್ದರೆ ನೀರನ್ನು ಒಳಗೆ ಬಿಟ್ಟುಕೊಳ್ಳೋದಿಲ್ಲ. ಪುಡಿ ಉಬ್ಬಲೇ ಇಲ್ಲ, ಕೆಸರಿನ ಹಾಗೆ ಸುಮ್ಮನೆ ಕೂತಿತು ಅಂದರೆ ಕಾಫಿ ಹಳೇದು ಅಂತ ಅರ್ಥ. ಅಡುಗೆಮನೆ ತುಂಬ ವಾಸನೆ ಹರಡೋದೂ ಈ 40 ಸೆಕೆಂಡಿನಲ್ಲೇ. ಪಕ್ಕದ ಮನೆಯ ಅಕ್ಕ "ಏನ್ ಹುರಿಯಾಕತ್ತೀರಿ?" ಅಂತ ಕೇಳಿದ್ದೂ ಇದೆ.

40 ಸೆಕೆಂಡ್ ಆದ ಮೇಲೆ ನಡುವಿನಿಂದ ಹೊರಗೆ ಸುತ್ತು ಸುತ್ತಾಗಿ ಸುರಿಯುತ್ತಾ 150 ಗ್ರಾಮಿಗೆ ತನ್ನಿ. ಕಾಗದದ ಗೋಡೆಗೆ ನೇರ ಸುರಿಯಬೇಡಿ, ಆ ನೀರು ಪುಡಿಯನ್ನು ಮುಟ್ಟದೆ ಹೊರಗೋಡುತ್ತದೆ. ಸ್ವಲ್ಪ ಇಳಿಯಲಿ. ಒಂದೂವರೆ ನಿಮಿಷದ ಹೊತ್ತಿಗೆ ಮತ್ತೆ ಶುರು ಮಾಡಿ 240 ಮುಗಿಸಿ. ಡ್ರಿಪ್ಪರನ್ನು ಹಿಡಿದು ಒಂದೇ ಒಂದು ಸಲ ಮೆಲ್ಲಗೆ ತಿರುಗಿಸಿ, ಪುಡಿ ಸಮನಾಗಿ ಕೂರುತ್ತದೆ. ಎರಡೂಮುಕ್ಕಾಲರಿಂದ ಮೂರೂಕಾಲು ನಿಮಿಷದೊಳಗೆ ಪೂರ್ತಿ ಇಳಿದರೆ ಸರಿ.

ಕುಡಿಯುವ ಮೊದಲು ಚೊಂಬನ್ನು ಒಮ್ಮೆ ಅಲ್ಲಾಡಿಸಿ. ಮೊದಲು ಇಳಿದದ್ದು ಗಟ್ಟಿ, ಕೊನೆಗೆ ಇಳಿದದ್ದು ತೆಳು, ಬೆರೆಯಬೇಕು. ಆರುತ್ತಾ ಬಂದ ಹಾಗೆ ರುಚಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಚಹಾದ ಹಾಗೆ ಸುಡುಸುಡು ಕುಡಿಯುವ ಅವಸರ ಬೇಡ.

ನೀರು ಎಷ್ಟು ಬಿಸಿ ಇರಬೇಕು? ಥರ್ಮಾಮೀಟರ್ ಬೇಕಾ?

ಬೇಡ. ಕಲಬುರಗಿ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದೇ 98 ಡಿಗ್ರಿ ದಾಟಿದ ಕೂಡಲೆ. ಬೀದರ್ ಇನ್ನೂ ಮೇಲಿದೆ, ಅಲ್ಲಿ ಇನ್ನೂ ಸ್ವಲ್ಪ ಕಡಿಮೆ. ಪೋರ್ ಓವರ್‌ಗೆ 90ರಿಂದ 96 ಅಂತಾರೆ. ಕುದಿ ಬಂದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು, ಕಾಗದ ತೋಯಿಸುವ ಕೆಲಸ ಮುಗಿಸುವಷ್ಟರಲ್ಲಿ ಸರಿಯಾದ ಹದಕ್ಕೆ ಬಂದಿರುತ್ತದೆ. ಕಡಿಮೆ ಹುರಿದ ಬೀಜಕ್ಕೆ ಕುದಿ ನೀರೇ ಹಾಕಿದರೂ ಏನೂ ಆಗೋದಿಲ್ಲ. ಜಾಸ್ತಿ ಹುರಿದದ್ದಕ್ಕೆ ಇನ್ನೂ ಎರಡು ನಿಮಿಷ ಆರಲಿ.

ಹುಳಿಯಾಗಿದೆ. ಕಹಿಯಾಗಿದೆ. ಏನು ತಪ್ಪು?

ಹುಣಸೆಹುಳಿ ಹಾಗೆ ಚುಚ್ಚಿ, ಬಾಯಲ್ಲಿ ಏನೂ ಉಳಿಯದೆ ಹೋದರೆ ರುಚಿ ಪೂರ್ತಿ ಇಳಿದಿಲ್ಲ. ಪುಡಿ ಇನ್ನೂ ಸಣ್ಣ ಮಾಡಿ, ಅಥವಾ ನೀರು ಇನ್ನೂ ಬಿಸಿ ಇರಲಿ. ಕಹಿಯಾಗಿ ನಾಲಿಗೆ ಒಣಗಿದ ಹಾಗಾದರೆ ಜಾಸ್ತಿ ಇಳಿದಿದೆ, ಪುಡಿ ದಪ್ಪ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡೂ ಅಲ್ಲ, ಸಪ್ಪೆ, ರಟ್ಟು, ಮಣ್ಣು ಅನ್ನಿಸಿದರೆ ಮೇಲಿನ ನೀರಿನ ಪ್ರಶ್ನೆಗೆ ವಾಪಸ್ ಹೋಗಿ. ಹಣ್ಣಿನ ಹಾಗಿರುವ ಸಣ್ಣ ಹುಳಿ ತಪ್ಪಲ್ಲ, ಅದಕ್ಕೇ ಇಷ್ಟೆಲ್ಲ ಮಾಡಿದ್ದು.

4:6 ವಿಧಾನ ಅಂತ ಕೇಳಿದ್ದೇನೆ. ಅದೇನು?

ಜಪಾನಿನ ತೆತ್ಸು ಕಸುಯ ಅವರು 2016ರಲ್ಲಿ ವರ್ಲ್ಡ್ ಬ್ರೂವರ್ಸ್ ಕಪ್ ಅನ್ನೋ ಕಾಫಿ ಸ್ಪರ್ಧೆ ಗೆದ್ದ ವಿಧಾನ. 20 ಗ್ರಾಂ ಪುಡಿ, 300 ಗ್ರಾಂ ನೀರು. ನೀರನ್ನು 60 ಗ್ರಾಮಿನಂತೆ ಐದು ಪಾಲು ಮಾಡಿ, 45 ಸೆಕೆಂಡಿಗೊಂದು ಸಲ ಸುರಿಯೋದು. ಮೊದಲ ಎರಡು ಪಾಲು, ಅಂದರೆ ನೂರಕ್ಕೆ 40, ಹುಳಿ ಸಿಹಿಯನ್ನು ತೀರ್ಮಾನ ಮಾಡುತ್ತವೆ, ಉಳಿದ 60 ಎಷ್ಟು ಗಟ್ಟಿ ಅನ್ನೋದನ್ನು. ಪುಡಿ ದಪ್ಪ ಇರಬೇಕು. ಮಿಕ್ಸಿಯಲ್ಲಿ ಮಾಡುವವರಿಗೆ ನಿಜಕ್ಕೂ ಒಳ್ಳೆ ವಿಧಾನ, ಸಾಣಿಗೆ ಮೇಲೆ ಉಳಿದ ದಪ್ಪ ಪುಡಿ ಇದಕ್ಕೆ ಹೊಂದುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿ ಕಾಫಿ ಯಾರು ಕುಡಿತಾರೆ?

ಬೆಳಿಗ್ಗೆ ಆರಕ್ಕೆ ಮುಂಚೆ ಕುಡಿಯಬಹುದು. ಆಮೇಲೆ 42, 43 ಡಿಗ್ರಿ ಬಿಸಿಲಲ್ಲಿ ನಾನೂ ಕುಡಿಯೋದಿಲ್ಲ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಮಧ್ಯಾಹ್ನ ಒಂದೂವರೆಗೆ ಬಿಡುತ್ತವಲ್ಲ, ಅವತ್ತು ಮನೆಗೆ ಬಂದು ಐಸ್ ಪೋರ್ ಓವರ್ ಮಾಡಿಕೊಳ್ಳಿ. ಕೆಳಗಿನ ಚೊಂಬಿನಲ್ಲಿ 120 ಗ್ರಾಂ ಐಸ್ ಹಾಕಿ. 20 ಗ್ರಾಂ ಪುಡಿ, ಮಾಮೂಲಿಗಿಂತ ಸ್ವಲ್ಪ ಸಣ್ಣ, ಮೇಲಿನಿಂದ 180 ಗ್ರಾಂ ಬಿಸಿನೀರು. ಬಿಸಿ ಕಾಫಿ ಐಸ್ ಮೇಲೆ ಬಿದ್ದ ಕೂಡಲೆ ತಣ್ಣಗಾಗಿ ವಾಸನೆ ಒಳಗೇ ಉಳಿಯುತ್ತದೆ. ಬಿಸಿ ಕಾಫಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಇದು ಬರೋದಿಲ್ಲ. ಐಸ್ ಕೂಡ ಬೆರೆಸಿದ ನೀರಿನದ್ದೇ ಆಗಿರಲಿ.

ಬೇಸಿಗೆಯಲ್ಲಿ ಬೀಜ ಎಲ್ಲಿಡೋದು?

ಅಡುಗೆಮನೆಯ ಅಟ್ಟದ ಮೇಲಂತೂ ಬೇಡ. ಆರ್‌ಸಿಸಿ ಮನೆಯ ಮೇಲ್ಭಾಗ ಸಂಜೆ ಹೊತ್ತಿಗೆ ಒಲೆಯೇ. ಗಾಳಿಯಾಡದ ಡಬ್ಬಿಯಲ್ಲಿ, ನೆಲಕ್ಕೆ ಹತ್ತಿರದ ಕಪಾಟಿನಲ್ಲಿ, ಬೆಳಕು ಬೀಳದ ಕಡೆ ಇಡಿ. ಜಾಸ್ತಿ ತರಿಸಿದ್ದರೆ ವಾರಕ್ಕಾಗುವಷ್ಟು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡಬಹುದು. ಹೊರತೆಗೆದ ಪೊಟ್ಟಣ ಪೂರ್ತಿ ಮನೆಯೊಳಗಿನ ಬಿಸಿಯ ಹದಕ್ಕೆ ಬಂದ ಮೇಲೇ ಬಿಚ್ಚಬೇಕು, ಇಲ್ಲ ಅಂದರೆ ಬೀಜದ ಮೇಲೆ ನೀರಿನ ಹನಿ ಕೂರುತ್ತದೆ. ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ತರಿಸೋದಾದರೆ ಸಣ್ಣ ಪ್ಯಾಕೆಟ್ ತರಿಸಿ. ನನ್ನ ಒಂದು ಪಾರ್ಸಲ್ ಮೂರು ದಿನ ಎಲ್ಲೋ ತಗಡಿನ ಶೆಡ್ಡಿನಲ್ಲಿ ಬಿದ್ದಿತ್ತು ಅಂತ ಕಾಣುತ್ತದೆ, ಬಂದಾಗ ಮುಟ್ಟಲಿಕ್ಕೂ ಬಿಸಿ.

ಕಾಗದ ಖಾಲಿಯಾಗಿದೆ, ಇವತ್ತೇ ಬೇಕು.

ಟಿಶ್ಯೂ ಬೇಡ, ಹರಿದುಹೋಗುತ್ತದೆ. ಪೇಪರ್ ಓದಿ ಮುಗಿದಿದೆ ಅಂತ ಅದನ್ನು ಸುತ್ತಬೇಡಿ, ಶಾಯಿ ಇಳಿಯುತ್ತದೆ. ತೆಳ್ಳನೆ ಹಳೆ ಹತ್ತಿ ಬಟ್ಟೆ, ಸೋಪಿನ ವಾಸನೆ ಇಲ್ಲದ್ದು, ನೀರಲ್ಲಿ ಕುದಿಸಿ ಹಿಂಡಿ ಡ್ರಿಪ್ಪರಿನಲ್ಲಿ ಹಾಸಿ. ಜಪಾನಿನಲ್ಲಿ ಬಟ್ಟೆಯಲ್ಲೇ ಸೋಸುವ ಹಳೇ ಪದ್ಧತಿಯೇ ಇದೆ. ಕಾಫಿ ಸ್ವಲ್ಪ ದಪ್ಪ ಬರುತ್ತದೆ, ಕೆಲವರಿಗೆ ಅದೇ ಇಷ್ಟ.

ಕರೆಂಟ್ ಹೋದರೆ?

ಗ್ಯಾಸ್ ಒಲೆ, ಕೈ ಗ್ರೈಂಡರ್. ಮಿಕ್ಸಿಯವರಿಗೆ ಮಾತ್ರ ತೊಂದರೆ.

ನಾಲ್ಕು ಮಂದಿ ಬಂದರೆ?

02 ಸೈಜಿನಲ್ಲಿ 30 ಗ್ರಾಂ ಪುಡಿ, 480 ಗ್ರಾಂ ನೀರಿನ ತನಕ ಆರಾಮಾಗಿ ಆಗುತ್ತದೆ. ಪುಡಿ ಸ್ವಲ್ಪ ದಪ್ಪ ಮಾಡಿ, ನಾಲ್ಕು ನಿಮಿಷ ಹಿಡಿಯಲಿ. ಎರಡು ಸಲ ಮಾಡಿದರೆ ನಾಲ್ಕು ಜನಕ್ಕಾಯಿತು. ಅದಕ್ಕಿಂತ ಜಾಸ್ತಿ ಮಂದಿ ಬಂದರೆ ಚಹಾ ಮಾಡಿ. ನಿಜ ಹೇಳುತ್ತಿದ್ದೇನೆ. ಮಿರ್ಚಿ ಭಜಿ ಜೊತೆಗೆ ಇದು ಹೊಂದೋದೂ ಇಲ್ಲ.

ಬಿಪಿ, ಕೊಲೆಸ್ಟ್ರಾಲ್ ಇದ್ದವರು ಕುಡಿಯಬಹುದಾ?

ಕೊಲೆಸ್ಟ್ರಾಲ್ ವಿಷಯದಲ್ಲಿ ಕಾಗದದ ಕಾಫಿ ಒಳ್ಳೇದೇ. ಕಾಫಿ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಅನ್ನೋ ಅಂಶ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ, ಕಾಗದ ಅದನ್ನು ಬಹುಪಾಲು ಹಿಡಿದಿಟ್ಟುಕೊಳ್ಳುತ್ತದೆ. ಕೆಫೀನ್ ಮಾತ್ರ ಹಿಡಿಯೋದಿಲ್ಲ. ಇದು ತೆಳ್ಳಗೆ ಕಾಣುತ್ತದೆ ಅಂತ ಮೋಸಹೋಗಬೇಡಿ, ಒಂದು ದೊಡ್ಡ ಲೋಟದಲ್ಲಿ ಚಹಾದ ಎರಡು ಮೂರು ಕಪ್ಪಿನಷ್ಟು ಕೆಫೀನ್ ಇರಬಹುದು. ಆರೋಗ್ಯವಂತರಿಗೆ ದಿನಕ್ಕೆ 400 ಮಿಲಿಗ್ರಾಂ ಒಳಗೆ, ಗರ್ಭಿಣಿಯರಿಗೆ 200ರ ಒಳಗೆ ಅನ್ನೋದು ಸಾಮಾನ್ಯ ಮಿತಿ. ಬಿಪಿ ಇದ್ದರೆ, ಎದೆ ಢವಢವ ಅಂದರೆ ನಿಮ್ಮ ಡಾಕ್ಟರನ್ನು ಕೇಳಿ. ಸಂಜೆ ಐದರ ಮೇಲೆ ನಾನಂತೂ ಮುಟ್ಟೋದಿಲ್ಲ, ರಾತ್ರಿ ಫ್ಯಾನ್ ಎಣಿಸುತ್ತಾ ಮಲಗಬೇಕಾಗುತ್ತದೆ.

ಉಳಿದ ಗಷ್ಟು?

ಕಾಗದ ಸಮೇತ ಗೊಬ್ಬರದ ಗುಂಡಿಗೆ. ಸಿಂಕಿಗೆ ಮಾತ್ರ ಬೇಡ, ಪೈಪ್ ಕಟ್ಟುತ್ತದೆ.

ಮನೆಯವರು ಚಹಾ ಬಿಟ್ಟು ಇದನ್ನು ಕುಡಿತಾರಾ?

ಇಲ್ಲ. ಮೊದಲ ದಿನ ಅವ್ವನಿಗೆ ಒಂದು ಲೋಟ ಕೊಟ್ಟಿದ್ದೆ. ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿ, "ಇದೇನಪ್ಪಾ, ಕಾಡಾ ಕುದಿಸಿದಂಗ ಅದ. ಮನ್ಯಾಗ ಹಾಲಿಗಿ ಬರ ಬಂದದೇನು?" ಅಂದಳು. ಇವತ್ತಿಗೂ ಅವಳದ್ದು ಶುಂಠಿ ಚಹಾನೇ. ಆದರೆ ವಾರಕ್ಕಾಗಲಿ ಅಂತ ನಾನು ಬೆರೆಸಿಟ್ಟ ಐದು ಲೀಟರ್ ನೀರು ಈಚೆಗೆ ಮೂರೇ ದಿನಕ್ಕೆ ಮುಗಿಯುತ್ತಿತ್ತು. ಲೆಕ್ಕ ಎಲ್ಲಿ ತಪ್ಪಿತು ಅಂತ ನೋಡಿದರೆ ದಿನಾ ಮಧ್ಯಾಹ್ನ ಅದು ಕುಕ್ಕರಿಗೆ ಹೋಗುತ್ತಿದೆ. ಈ ನೀರಲ್ಲಿ ಬೇಳೆ ಎರಡೇ ಸೀಟಿಗೆ ಬೇಯುತ್ತದಂತೆ. ಈಗ ಎರಡು ಕ್ಯಾನ್ ಬೆರೆಸಿಡುತ್ತೇನೆ.